ದುರ್ಗಸೀಮೆಯ ದ್ವೀಪಯಾತ್ರಾ ಮೀಮಾಂಸೆ

ಬಯಲುಸೀಮೆಯ ಕುಟುಂಬವೊಂದು ಒಂದೇ ದಿನದಲ್ಲಿ ಕೋಟೆ ಹತ್ತಿ, ದೇವರಿಗೆ ಕೈಮುಗಿದು, ದ್ವೀಪ ಕಂಡು, ಹೊಟ್ಟೆತುಂಬ ತಿಂದು, ಜಗಳವಾಡದೆ ಮನೆಗೆ ಮರಳಬಹುದೇ ಎಂಬ ಪ್ರಶ್ನೆ ಪಂಡಿತರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಪಂಡಿತರು ಕುಟುಂಬದ ಜೊತೆ ಪ್ರವಾಸ ಹೋಗುವುದಿಲ್ಲ. ಹೋದವರು ಮರಳಿದ ಮೇಲೆ ಬರೆಯುವ ಸ್ಥಿತಿಯಲ್ಲಿರುವುದಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಅಧ್ಯಯನ ಕ್ಷೇತ್ರವಾಗಿಯೂ, ಜನ ಟಿಟಿ ಎಂದು ಕರೆಯುವ ಬಾಡಿಗೆ ಗಾಡಿಯನ್ನು ಪ್ರಯೋಗಶಾಲೆಯಾಗಿಯೂ, ಅಜ್ಜಿಯಿಂದ ಹಿಡಿದು ತೊಡೆಯ ಮೇಲಿನ ಕೂಸಿನವರೆಗೆ ಮೂರು ತಲೆಮಾರಿನ ಒಂದು ಮಾದರಿ ಕುಟುಂಬವನ್ನು ಆಧಾರವಾಗಿಯೂ ಇಟ್ಟುಕೊಂಡು ಈ ಗ್ರಂಥ ಹೊರಟಿದೆ.

ಮೊದಲಿಗೆ ಲಕ್ಷಣ. ಸುತ್ತಲೂ ನೀರಿರುವ ನೆಲವೇ ದ್ವೀಪ ಎನ್ನುತ್ತದೆ ಶಾಲೆಯ ಪಾಠ. ತರ್ಕಶಾಸ್ತ್ರ ಬಲ್ಲವರು ಇದನ್ನು ಒಪ್ಪಲಾರರು. ಗುಡುಗಿನ ಮಳೆ ಬಿದ್ದ ಸಂಜೆ ಯಾವ ಊರಿನ ಬಸ್ ನಿಲ್ದಾಣವೂ ಈ ಲಕ್ಷಣಕ್ಕೆ ಸಿಕ್ಕಿಬೀಳುತ್ತದೆ, ಅದು ಅತಿವ್ಯಾಪ್ತಿ. ಇನ್ನು ಬರಗಾಲದಲ್ಲಿ ಮಾರಿಕಣಿವೆ ಜಲಾಶಯದ ದ್ವೀಪಗಳ ಮೇಲೆ ಕುರಿ ಮೇಯುತ್ತಿರುತ್ತವೆ, ಕುರಿ ಕಾಯುವವನು ಕಾಲು ನೆನೆಯದೆ ನಡೆದೇ ಅಲ್ಲಿಗೆ ಹೋಗಿರುತ್ತಾನೆ, ಅದು ಅವ್ಯಾಪ್ತಿ. ಹೀಗಾಗಿ ಸಿದ್ಧಾಂತ ಇಷ್ಟು: ದುರ್ಗಸೀಮೆಯಲ್ಲಿ ದ್ವೀಪವೆಂಬುದು ನಿತ್ಯವಲ್ಲ, ನೈಮಿತ್ತಿಕ. ಗ್ರಹಣಸ್ನಾನದಂತೆ, ನಿಮಿತ್ತ ಕೂಡಿಬಂದರೆ ಮಾತ್ರ ಉಂಟು.

ಆ ನಿಮಿತ್ತದ ಹೆಸರು ಅಡಿ. ಬಾಬಾಬುಡನ್‌ಗಿರಿಯ ಕಡೆಯಿಂದ ಹರಿದುಬರುವ ವೇದಾವತಿಗೆ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಕಲ್ಲುಗೋಡೆ ಎಬ್ಬಿಸಿ, 1907ರಲ್ಲಿ ಮುಗಿಸಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು ಮೈಸೂರು ಸಂಸ್ಥಾನದವರು. ಕಾಗದದ ಮೇಲೆ ಅದು ವಾಣಿವಿಲಾಸ ಸಾಗರ. ಜನರ ಬಾಯಲ್ಲಿ, ದಡದಲ್ಲಿ ಕೂತ ಕಣಿವೆ ಮಾರಮ್ಮನ ಲೆಕ್ಕದಲ್ಲಿ, ಮಾರಿಕಣಿವೆ. ಸುಮಾರು 30 ಟಿಎಂಸಿ ಹಿಡಿಯುತ್ತದೆ, 130 ಅಡಿಗೆ ತುಂಬುತ್ತದೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರ್ ಮುಟ್ಟದ ಜಿಲ್ಲೆಯಲ್ಲಿ ಈ 130 ಎಂಬ ಸಂಖ್ಯೆಗೆ ಇರುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಹಿರಿಯೂರಿನ ಕಡೆ ಮದುವೆಮನೆಗೆ ಹೋದರೆ ಹುಡುಗನ ಸಂಬಳ ಕೇಳುವ ಮೊದಲು “ಎಷ್ಟ್ ಅಡಿ ಆತಂತೆ?” ಎಂದು ಕೇಳುತ್ತಾರೆ. ಪತ್ರಿಕೆಯಲ್ಲಿ ಜಲಾಶಯದ ಮಟ್ಟ ಓದಿ ಮುಗಿಸಿದ ಮೇಲೆಯೇ ರಾಜಕೀಯ.

ಈಗ ಇತಿಹಾಸದ ಲೆಕ್ಕ. ಕಟ್ಟೆ ಮುಗಿದ 26 ವರ್ಷಕ್ಕೆ, 1933ರಲ್ಲಿ, ಮೊದಲ ಸಲ ಕೋಡಿ ಬಿತ್ತು. ಎರಡನೆಯ ಸಲ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. “ಡ್ಯಾಮು ತುಂಬಲಿ, ಆಮೇಲೆ ಎಲ್ಲರೂ ಸೇರಿ ಹೋಗೋಣ” ಎಂದು 1934ರಲ್ಲಿ ಯಾರಾದರೂ ಯಜಮಾನರು ಮಾತು ಕೊಟ್ಟಿದ್ದರೆ, ಆ ಮಾತನ್ನು ಉಳಿಸಿಕೊಂಡದ್ದು ಮರಿಮಕ್ಕಳು. ಭದ್ರೆಯ ನೀರೂ ಬಂದು ಸೇರತೊಡಗಿದ ಮೇಲೆ ಕಾಯುವ ಕಾಲ ಕುಗ್ಗಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ. ಹೀಗೆ ಒಂದು ಶತಮಾನಕ್ಕೊಮ್ಮೆ ಆಗುತ್ತಿದ್ದ ಹಬ್ಬ ಎರಡೂವರೆ ವರ್ಷದೊಳಗೆ ಮರಳಿ ಬಂದದ್ದರಿಂದ ಅನೇಕ ಕುಟುಂಬಗಳ ಯಜಮಾನರಿಗೆ ನೆಪವೇ ಇಲ್ಲದಂತಾಗಿದೆ. ಈ ಆರ್ಥಿಕ ಪರಿಣಾಮವನ್ನು ನೀರಾವರಿ ತಜ್ಞರು ಗಮನಿಸಿದಂತಿಲ್ಲ.

ತೌಲನಿಕ ಅಧ್ಯಯನಕ್ಕೆ ಮಾಲ್ಡೀವ್ಸ್ ಒದಗಿಬರುತ್ತದೆ. ಅಲ್ಲಿ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ನೀರು ಏರಿದರೆ ಅವು ಇಲ್ಲವಾಗುತ್ತವೆ ಎಂದು ಜಗತ್ತು ಚಿಂತಿಸುತ್ತಿದೆ. ಮಾರಿಕಣಿವೆಯ ದ್ವೀಪಗಳಿಗೆ ಇರುವ ಭಯ ತಿರುಗುಮುರುಗು: ನೀರು ಇಳಿದರೆ ಅವು ಇಲ್ಲವಾಗಿ ಬರೀ ಗುಡ್ಡಗಳಾಗುತ್ತವೆ. ವಿಮಾನದ ಖರ್ಚು ಉಳಿಯುವುದು ಬೇರೆ ಮಾತು.

ದ್ವೀಪಕ್ಕೆ ಹೊರಡುವ ಮುನ್ನ ತಿಂಡಿ. ಇಲ್ಲಿ ಎರಡು ಪಂಥಗಳಿವೆ. ಕೋಟೆ ಹತ್ತಿ ಇಳಿದು ತಿನ್ನಬೇಕು ಎನ್ನುವ ಉತ್ತರಪಂಥದಲ್ಲಿ ಅಪ್ಪ ಒಬ್ಬರೇ ಇದ್ದಾರೆ. ತಿಂದೇ ಹತ್ತಬೇಕು ಎನ್ನುವ ಪೂರ್ವಪಂಥದಲ್ಲಿ ಉಳಿದವರೆಲ್ಲ. ದುರ್ಗದಲ್ಲಿ ತಿಂಡಿ ಎಂದರೆ ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ದಾವಣಗೆರೆಯವರು ಇದು ತಮ್ಮದೆನ್ನುತ್ತಾರೆ. ಎರಡೂ ಊರು ಹಿಂದೆ ಒಂದೇ ಜಿಲ್ಲೆಯಲ್ಲಿದ್ದು 1997ರಲ್ಲಿ ಬೇರೆಯಾದವು, ಮಂಡಕ್ಕಿಯ ಪಾಲುಪಟ್ಟಿ ಮಾತ್ರ ಆಗಲೇ ಇಲ್ಲ. ಮಂಡಕ್ಕಿಯ ಭೌತಗುಣ ವಿಚಿತ್ರ. ತಟ್ಟೆಯಲ್ಲಿ ಅದು ಗೋಪುರ, ಹೊಟ್ಟೆಯಲ್ಲಿ ಅದು ಗಾಳಿ. ಎಂಟು ಗಂಟೆಗೆ ಗೋಪುರ ಕೆಡವಿದವನು ಹತ್ತಕ್ಕೆ “ಏನಾದ್ರೂ ಇದೆಯಾ?” ಎಂದು ಬ್ಯಾಗಿಗೆ ಕೈಹಾಕುತ್ತಾನೆ. ಆದುದರಿಂದಲೇ ಅಮ್ಮ ಬೆಳಗಿನ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟಿರುವುದು. ಈ ಗ್ರಂಥದಲ್ಲಿ ಆಕೆ ಮತ್ತೆ ಮತ್ತೆ ಬರುವುದಿಲ್ಲ. ಇಡೀ ದಿನ ಆಕೆ ಡಬ್ಬಿಗಳ ಮುಚ್ಚಳ ತೆಗೆಯುವುದರಲ್ಲಿ, ಹಾಕುವುದರಲ್ಲಿ ಇರುತ್ತಾಳೆ.

ಕೋಟೆ. ಏಳು ಸುತ್ತು, 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ ಎಂದು ಲೆಕ್ಕ ಹೇಳುವ ವಾಡಿಕೆ. ಹೈದರಾಲಿ ಮತ್ತೆ ಮತ್ತೆ ದಂಡೆತ್ತಿ ಬಂದು, ಕೊನೆಗೆ 1779ರಲ್ಲಿ ಹಿಡಿದ ಈ ಕೋಟೆಯನ್ನು ಮಾದರಿ ಕುಟುಂಬ ಎರಡು ಗಂಟೆಯಲ್ಲಿ ಮುಗಿಸಬೇಕೆಂದು ಯೋಜನೆ ಹಾಕಿಕೊಂಡಿತ್ತು. ಹೈದರನ ಸೈನ್ಯದಲ್ಲಿ ಮಂಡಿನೋವಿನ ಅಜ್ಜಿ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಓಬವ್ವನ ಕಿಂಡಿಯ ಬಳಿ ಗೈಡು ಹೇಳುವ ಕಥೆಯನ್ನು ನಾಡೆಲ್ಲ ಬಲ್ಲದು. ಆದರೆ ಅದರ ತಿರುಳನ್ನು ಯಾರೂ ಎತ್ತಿ ಹೇಳಿಲ್ಲವೆಂಬುದು ಈ ಪ್ರಬಂಧದ ನಮ್ರ ದೂರು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ಆಕೆ ನೀರು ತರಲು ಹೊಂಡಕ್ಕೆ ಹೋದಳು. ಶತ್ರುಗಳು ಕಿಂಡಿಯಲ್ಲಿ ನುಸುಳುವುದನ್ನು ಕಂಡಳು. ಊಟದ ನಡುವೆ ಎಬ್ಬಿಸಬಾರದೆಂದು ಒನಕೆ ಎತ್ತಿಕೊಂಡು ತಾನೇ ನಿಂತಳು. ಅಂದರೆ ದುರ್ಗದ ಅತ್ಯಂತ ಪ್ರಸಿದ್ಧ ಘಟನೆಗೆ ಕಾರಣಗಳು ಎರಡು, ಊಟ ಮತ್ತು ನೀರು. ಈ ಸೀಮೆಯಲ್ಲಿ ಇತಿಹಾಸವಾಗಲಿ ಪ್ರವಾಸವಾಗಲಿ ಈ ಎರಡರ ಆಚೆ ಹೋದದ್ದಿಲ್ಲ. ಪಾಳೆಯಗಾರರ ಕಾಲದಲ್ಲೂ ಬುದ್ಧಿವಂತಿಕೆ ಖರ್ಚಾದದ್ದು ನೀರಿಗೇ: ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ-ತಂಗಿ ಹೊಂಡಕ್ಕೆ, ಕೆಳಗೆ ಸಿಹಿನೀರು ಹೊಂಡಕ್ಕೆ, ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುತ್ತ ಹೋಗುವಂತೆ ಜೋಡಿಸಿದ್ದರು. ಒಂದು ಹನಿಯೂ ತೆರಿಗೆ ಕಟ್ಟದೆ ಊರು ದಾಟುವಂತಿರಲಿಲ್ಲ.

ಇತರ ಮಾಹಿತಿ: ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬನದೆಂದು ತೋರಿಸುವ ಹಲ್ಲನ್ನು ನೋಡಿ ಮಕ್ಕಳು ಅಂದು ಒಂದು ದಿನ ಚಾಕಲೇಟು ಕೇಳಲಿಲ್ಲ. 1972ರ ‘ನಾಗರಹಾವು’ ಚಿತ್ರದ ಬಂಡೆಗಳ ಮೇಲೆ ಚಿಕ್ಕಪ್ಪ ರಾಮಾಚಾರಿಯಂತೆ ನಿಂತು ಫೋಟೊ ತೆಗೆಸಿಕೊಂಡರು. ಅವರ ಸೊಂಟ ಈಗ ಚಾಮಯ್ಯ ಮೇಷ್ಟ್ರ ವಯಸ್ಸಿನದು. ಬೆಟ್ಟದ ಆಚೆಬದಿಯ ಚಂದ್ರವಳ್ಳಿಗೆ ಹೋಗಲಾಗಲಿಲ್ಲ. ಅಲ್ಲಿನ ಉತ್ಖನನದಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಪರಸ್ಥಳದವರು ಬಂದು ಇಲ್ಲಿ ಚಿಲ್ಲರೆ ಕಳೆದುಕೊಂಡು ಹೋಗುವ ಪದ್ಧತಿಗೆ ಎರಡು ಸಾವಿರ ವರ್ಷವಾಯಿತೆಂದು ಇದರಿಂದ ಸಿದ್ಧ.

ಹೊಳಲ್ಕೆರೆಯಲ್ಲಿ ಗಾಡಿ ನಿಂತದ್ದು ಬಯಲು ಗಣಪನ ಮುಂದೆ. ಗುಡಿ ಗೋಪುರದ ಹಂಗಿಲ್ಲದೆ ಕೂತ ದೊಡ್ಡ ಗಣಪತಿ. ಬೆನ್ನ ಹಿಂದೆ ಜಡೆಯೂ ಉಂಟು. ಗಣಪತಿಗೆ ಜಡೆ ಹಾಕಿದವರು ಯಾರು ಎಂಬ ಮಗುವಿನ ಪ್ರಶ್ನೆಗೆ “ಅವರಮ್ಮ” ಎಂದು ಅಜ್ಜಿ ಉತ್ತರಿಸಿದರು. ಮೂರ್ತಿಶಿಲ್ಪ ಶಾಸ್ತ್ರದಲ್ಲಿ ಇದಕ್ಕಿಂತ ಚಿಕ್ಕ ಉತ್ತರ ಸಿಕ್ಕಿಲ್ಲ. ಮುಂದೆ ದಾರಿಯುದ್ದ ಅಡಿಕೆ ತೋಟ, ತೆಂಗಿನ ತೋಟ. ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ ಎಂಬ ಮಾತು ಗಾಡಿಯಲ್ಲಿ ತಾನಾಗಿ ಎದ್ದಿತು. ಗಮನಿಸಬೇಕು: ಈ ಜಿಲ್ಲೆಯಲ್ಲಿ ಮೇಲಕ್ಕೂ ಅಡಿ, ಕೆಳಕ್ಕೂ ಅಡಿ, ಒಂದು ಏರಲಿ ಎಂದು ಹರಕೆ, ಇನ್ನೊಂದು ಇಳಿಯದಿರಲಿ ಎಂದು ಹರಕೆ.

ಹೊಸದುರ್ಗ ಸೀಮೆಯ ಮತ್ತೋಡಿನಲ್ಲಿ ಒಂದು ಕಾಲಕ್ಕೆ ಗಾಜಿನ ಬಳೆ ತಯಾರಾಗುತ್ತಿತ್ತು. 1800ರ ಹೊತ್ತಿಗೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕಸುಬನ್ನು ಬರೆದಿಟ್ಟಿದ್ದಾನೆ. ಅವನಿಗೆ ಅಷ್ಟು ವ್ಯವಧಾನ ಎಲ್ಲಿಂದ ಬಂತು ಎಂದು ಮುಂದಿನ ಸಂಶೋಧಕರು ತಲೆಕೆಡಿಸಿಕೊಳ್ಳಬೇಕಿಲ್ಲ. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿರಲಿಲ್ಲ. ಬಂದಿದ್ದರೆ ಬಳೆ ಕೊಂಡು ಹೋಗುತ್ತಿದ್ದ, ಬರೆಯುತ್ತಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಹಿನ್ನೀರಿನ ದಡ. ಕಣ್ಣು ಹಾಯುವವರೆಗೂ ನೀಲಿ. ನಡುನಡುವೆ ತಲೆಯೆತ್ತಿದ ಗುಡ್ಡಗಳು, ಅಂದರೆ ಶಾಸ್ತ್ರೋಕ್ತ ದ್ವೀಪಗಳು. ಸಣ್ಣ ಅಲೆ ಬಂದು ಕಾಲು ಸೋಕಿದ್ದೇ ತಡ, ಸಮುದ್ರವನ್ನೇ ನೋಡದ ಚಿಕ್ಕಮ್ಮ “ಥೇಟ್ ಗೋವಾ ಇದ್ದಂಗೈತೆ” ಎಂದು ತೀರ್ಪು ಕೊಟ್ಟರು. ಬುತ್ತಿ ಬಿಚ್ಚಲಾಯಿತು: ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಚಿತ್ರಾನ್ನ, ಮೊಸರನ್ನ. ಮುದ್ದೆ ಮಾತ್ರ ಇರಲಿಲ್ಲ. ಮುದ್ದೆ ಪ್ರಯಾಣಕ್ಕೆ ಒಗ್ಗುವುದಿಲ್ಲ. ಬಿಸಿ ಆರಿದರೆ ಅದನ್ನು ಕೋಟೆಗೆ ಕಲ್ಲಾಗಿ ಬಳಸಬಹುದು.

ಆಮೇಲೆ ಮುಖ್ಯ ಪ್ರಶ್ನೆ: ದ್ವೀಪಕ್ಕೆ ಹೋಗುವುದು ಹೇಗೆ? ಮೀನು ಹಿಡಿಯುವವರ ತೆಪ್ಪವೊಂದು ದೂರದಲ್ಲಿತ್ತು. ಹುಡುಗರು ಕೂಗಲು ಬಾಯಿ ತೆರೆದರು. ಅಜ್ಜಿ ಅಷ್ಟರಲ್ಲೇ ಕಣಿವೆ ಮಾರಮ್ಮನ ಮೇಲೆ ಆಣೆ ಇಟ್ಟು ಆ ದಾರಿಯನ್ನು ಮುಚ್ಚಿದರು. ಮುಳುಗುವ ನೀರಿನ ವಿಷಯದಲ್ಲಿ ಅಜ್ಜಿಯರು ಹೇಳುವುದು ಸಾಮಾನ್ಯವಾಗಿ ಸರಿ. ಲೈಫ್ ಜಾಕೆಟ್ ಇಲ್ಲದ ತೆಪ್ಪಕ್ಕೆ ಮಕ್ಕಳನ್ನು ಹತ್ತಿಸುವ ಪಕ್ಷವನ್ನು ಈ ಗ್ರಂಥವೂ ಬೆಂಬಲಿಸುವುದಿಲ್ಲ. ಹಾಗಾದರೆ ದ್ವೀಪಯಾತ್ರೆ ಅಸಿದ್ಧವೇ? ಎಂಬ ಆಕ್ಷೇಪಕ್ಕೆ ಅಪ್ಪ ಕೊಟ್ಟ ಸಮಾಧಾನ ಘನವಾದದ್ದು. ಗುಡಿಗೆ ಹೋದವರು ಗರ್ಭಗುಡಿಯೊಳಗೆ ನುಗ್ಗುತ್ತಾರೆಯೇ? ಹೊರಗೆ ನಿಂತು ನೋಡಿದರೆ ಯಾತ್ರೆಯ ಫಲ ಪೂರ್ತಿ ಸಿಗುತ್ತದೆ. ದ್ವೀಪಕ್ಕೂ ಅದೇ ನ್ಯಾಯ. ಹುಡುಗರು ಇದನ್ನು ಒಪ್ಪಲಿಲ್ಲ, ಆದರೆ ಗಾಡಿಯ ಬಾಡಿಗೆ ಕೊಡುವವರು ಅವರಾಗಿರಲಿಲ್ಲ.

ದಡದಲ್ಲಿ ಫೋಟೊಗೆ ಸೊಗಸಾದ ಒಂದು ನೋಟವಿತ್ತು, ನೀರೊಳಗೆ ನಿಂತ ತೆಂಗಿನ ಮರಗಳು. ಚಿಕ್ಕಪ್ಪ ಕ್ಯಾಮೆರಾ ಎತ್ತಿದಾಗ ಪಕ್ಕದಲ್ಲಿ ಬೀಡಿ ಹಚ್ಚಿ ನಿಂತಿದ್ದ ರೈತ “ತಗೀರಿ, ನಮ್ಮ ತ್ವಾಟನೇ ಅದು” ಎಂದ. 2022ರಲ್ಲಿ ಕೋಡಿ ಬಿದ್ದಾಗ ಹಿರಿಯೂರಿನ ಕಡೆ ಸಂಭ್ರಮ, ಬಾಗಿನ. ಹೊಸದುರ್ಗದ ಕಡೆ ಹಿನ್ನೀರಿನ ಅಂಚಿನ ಜಮೀನು, ತೋಟಗಳಿಗೆ ನೀರು. ಒಂದೇ 130 ಅಡಿಗೆ ಎರಡು ತಾಲ್ಲೂಕಿನಲ್ಲಿ ಎರಡು ಮುಖ. ಪ್ರವಾಸ ಸಾಹಿತ್ಯ ಸಾಮಾನ್ಯವಾಗಿ ಕೋಡಿಯ ಬದಿಯಿಂದಲೇ ಬರೆಯಲ್ಪಡುತ್ತದೆ. ಚಿಕ್ಕಪ್ಪ ಕ್ಯಾಮೆರಾ ಇಳಿಸಿ, ಆ ಮನುಷ್ಯನಿಗೆ ಚಿತ್ರಾನ್ನ ಕೊಟ್ಟರು. ಆತ ತಿಂದು, ಒಗ್ಗರಣೆಗೆ ಶೇಂಗಾ ಕಡಿಮೆಯಾಗಿದೆ ಎಂದ.

ಹಿರಿಯೂರು ಕಡೆಯಿಂದ ಅಣೆಕಟ್ಟೆ ತಲುಪುವಾಗ ಬಿಸಿಲು ಇಳಿದಿತ್ತು. ಕಟ್ಟೆಯ ಮೇಲಿನ ಮಂಟಪಗಳು ಸಂಸ್ಥಾನದ ಕಾಲದ ಗತ್ತಿನಲ್ಲೇ ನಿಂತಿವೆ. ಗುಡ್ಡದ ಮೇಲಿನಿಂದ ನೋಡಿದರೆ ಜಲಾಶಯ ಭಾರತದ ನಕ್ಷೆಯಂತೆ ಕಾಣುತ್ತದೆಂದು ಇಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಮಕ್ಕಳು ಅದರಲ್ಲಿ ಕರ್ನಾಟಕ ಎಲ್ಲಿ ಎಂದು ಹುಡುಕುವಷ್ಟರಲ್ಲಿ ಗಾಳಿಗೆ ಟೋಪಿ ಹಾರಿತು. ಸುತ್ತಲ ಗುಡ್ಡಗಳಲ್ಲಿ ಗಾಳಿಯಂತ್ರಗಳು ಸುಮ್ಮನೆ ನೆಟ್ಟವಲ್ಲ ಎಂದು ಅದರಿಂದ ಸಾಬೀತಾಯಿತು. ಹಿರಿಯೂರಿನ ತೇರುಮಲ್ಲೇಶ್ವರನ ಗುಡಿಗೆ ಹೋಗಿ, ಮೇಲ್ಛಾವಣಿಯ ರಾಮಾಯಣ, ಮಹಾಭಾರತದ ಚಿತ್ರಗಳನ್ನು ಕತ್ತಲಾಗುವುದರೊಳಗೆ ನೋಡಬೇಕೆಂದು ಅಪ್ಪ ಗಡಿಯಾರ ತೋರಿಸುತ್ತಿದ್ದರು.

ಆದರೆ ಕಟ್ಟೆಯ ಕೆಳಗಿನ ಅಂಗಡಿಗಳಿಂದ ಮೀನು ಹುರಿಯುವ ವಾಸನೆ ಬಂದಿತ್ತು. ಅದುವರೆಗೆ ಅಖಂಡವಾಗಿದ್ದ ಕುಟುಂಬ ಇಲ್ಲಿ ಎರಡಾಯಿತು. ಮನೆಯಲ್ಲಿ ಮೀನು ಇಲ್ಲ. ಹಾಸ್ಟೆಲಿನಲ್ಲಿ ಓದಿದ ಹುಡುಗರಿಗೆ ಎಲ್ಲ ಉಂಟು. ಕಾಟ್ಲಾ, ರೋಹು, ಜಿಲೇಬಿ ಎಂದು ಅಂಗಡಿಯವನು ಕೂಗುತ್ತಿದ್ದ. ಜಿಲೇಬಿ ಎಂಬ ಹೆಸರಿನ ಮೀನನ್ನು ನಮ್ಮ ಕೆರೆಗಳಿಗೆ ಬಿಟ್ಟವರು ಇಂಥ ಇಕ್ಕಟ್ಟಿನ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

“ಅಜ್ಜಿ, ಇಲ್ಲೇ ಜಿಲೇಬಿ ತಿಂದು ಬರ್ತೀವಿ” ಎಂದರು ಹುಡುಗರು. ಅವರ ಹಿಂದೆ, ಸ್ವಲ್ಪ ದೂರ ಬಿಟ್ಟು, ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಚಿಕ್ಕಪ್ಪನೂ ನಡೆದರು. ಅಪ್ಪ ಬೇಕೆಂದೇ ನೀರಿನ ಕಡೆ ತಿರುಗಿ, ಈಗ ಎಷ್ಟು ಅಡಿ ಇರಬಹುದೆಂದು ಡ್ರೈವರನ ಜೊತೆ ವಾದಕ್ಕಿಳಿದರು.

ಅಜ್ಜಿ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಮಡಿಚುತ್ತಿದ್ದವರು ತಲೆ ಎತ್ತದೆ ಕೂಗಿ ಹೇಳಿದರು: “ನಿಧಾನಕ್ ತಿನ್ರಪ್ಪ. ಇಲ್ಲಿ ಜಿಲೇಬಿಗೆ ಮುಳ್ಳಿರ್ತವೆ.”