ಉತ್ತರ-ಹೊಯ್ಸಳ ಕಾಲದ ಬಾಡಿಗೆ ಕೋಣೆ: ನೆಲೆ, ಬೆಲೆ ಮತ್ತು ಬೀಗದ ಕೈಯ ತಾತ್ವಿಕತೆ

ಪ್ರಸ್ತಾವನೆ

ಹೊಯ್ಸಳ ನಾಡಿನ ‘ವಸತಿ’ ಎಂಬ ಪರಿಕಲ್ಪನೆಯನ್ನು ಚಾರಿತ್ರಿಕ ಪರಿಪ್ರೇಕ್ಷ್ಯದಲ್ಲಿ ಇರಿಸಿ, ಬಹುಶಿಸ್ತೀಯ ನೆಲೆಯಿಂದ ಮುಖಾಮುಖಿಯಾಗಿ, ಅದರ ಒಳಸುಳಿಗಳೊಡನೆ ಅನುಸಂಧಾನ ನಡೆಸುವುದು ಪ್ರಸ್ತುತ ಪ್ರಬಂಧದ ಆಶಯ. ಈ ವಾಕ್ಯದ ಅರ್ಥವೇನೆಂದು ಕೇಳಬಾರದು. ಬೇಲೂರಿನ ಒಂದು ವಿಚಾರ ಸಂಕಿರಣದಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇಂಥವೇ ವಾಕ್ಯಗಳನ್ನು ಕೇಳಿಸಿಕೊಂಡು ಒಂದು ಚೀಲ, ಒಂದು ಪೆನ್ನು, ಒಂದು ಪ್ರಮಾಣಪತ್ರ ಪಡೆದು ಬಂದವನು ನಾನು. ಅಲ್ಲಿ ಯಾರೂ ಕೇಳಲಿಲ್ಲ. ಹನ್ನೆರಡು ಪ್ರಬಂಧಗಳು ಮಂಡನೆಯಾದವು. ಹನ್ನೊಂದು ದೇವರ ಮನೆಯ ಮೇಲೆ, ಒಂದು ಬಾಗಿಲು ಕಾಯುವವರ ಮೇಲೆ. ಅದಾದ ಮರುವಾರ ಅಕ್ಕನ ಮಗಳು ಪುಟ್ಟಿಗೆ ಅರಸೀಕೆರೆಯಲ್ಲಿ ರೂಮು ಹುಡುಕಲು ಹೋದೆ. ಆ ಸಂಕಿರಣಕ್ಕೂ ಈ ರೂಮಿಗೂ ಆದ ಅಕಾಲ ವಿವಾಹದ ಕೂಸು ಈ ಪ್ರಬಂಧ.

ಪೂರ್ವಾಧ್ಯಯನಗಳ ಸಮೀಕ್ಷೆ

ನಮ್ಮ ಸೀಮೆಯಲ್ಲಿ ದೇವರ ವಸತಿಯ ಮೇಲೆ ಆಗಿರುವಷ್ಟು ಕೆಲಸ ಮನುಷ್ಯರ ವಸತಿಯ ಮೇಲೆ ಆಗಿಲ್ಲ. ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ಕೂಡಿಸಿ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 5ನೇ ಸಂಪುಟ ತಂದರು. ಬೇಲೂರಿನ ಕೇಶವನೊಬ್ಬನ ಮನೆಗೇ ಆರ್. ನರಸಿಂಹಾಚಾರ್ 1919ರಲ್ಲಿ ಒಂದು ಪುಸ್ತಕ ಮೀಸಲಿಟ್ಟರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಮನೆಯಲ್ಲಿ ಹೊರಗೆ 38 ಮದನಿಕೆ, ಒಳಗೆ 4 ಎಂದು ನಮ್ಮ ಗೈಡುಗಳು ನಿದ್ದೆಗಣ್ಣಲ್ಲೂ ಲೆಕ್ಕ ಒಪ್ಪಿಸುತ್ತಾರೆ. 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ಅಲ್ಲಿನ ದೇವರುಗಳಿಗೆ ಮನೆ ಬಿಡಿಸುವ ಭಯವೇ ಇಲ್ಲ.

ಆದರೆ ಒಂದು ಸಂಶೋಧನಾ ಕಂದಕ ಉಳಿದಿದೆ. ಬೇಲೂರಿನ ಮದನಿಕೆಗಳ ಕಾಲಬುಡದಲ್ಲಿ ರೂವಾರಿಗಳು ತಮ್ಮ ಹೆಸರು, ಊರು, ಬಿರುದು ಕೊರೆದಿದ್ದಾರಷ್ಟೆ. ಅವರಲ್ಲಿ ದಾಸೋಜ, ಅವನ ಮಗ ಚಾವಣ, ಬಳ್ಳಿಗಾವೆಯವರು. ಅಂದರೆ ಇವತ್ತಿನ ಶಿಕಾರಿಪುರ ತಾಲ್ಲೂಕಿನಿಂದ ಕೆಲಸಕ್ಕೆ ಬಂದ ಪರಊರಿನವರು. ಮಗನನ್ನು ಕರೆದುಕೊಂಡು ಬಂದ ದಾಸೋಜ ಬೇಲೂರಿನಲ್ಲಿ ಎಲ್ಲಿ ಇಳಿದುಕೊಂಡ? ಅಡ್ವಾನ್ಸ್ ಎಷ್ಟು ಕೊಟ್ಟ? ಕಲ್ಲು ಕುಟ್ಟುವವರಿಗೆ ಮನೆ ಕೊಟ್ಟರೆ ಧೂಳು ಮಾಡ್ತಾರೆ ಎಂದು ಓನರಮ್ಮ ಗೊಣಗಿದಳೆ? ಬಳಪದ ಕಲ್ಲಲ್ಲಿ ಬಳೆ ಸಡಿಲಾಗಿ ತಿರುಗುವ ಹಾಗೆ ಕೆತ್ತಿದವನು ರಾತ್ರಿ ಯಾರ ಜಗಲಿಯ ಮೇಲೆ ಮಲಗಿದ್ದ ಎಂಬುದರ ಬಗ್ಗೆ ವಿದ್ವತ್ ಲೋಕದ ಮೌನ ಗಮನಾರ್ಹ.

ಶಾಸನ ಪಾಠ

ಕನ್ನಡದ ಬಲು ಹಳೆಯ ಶಾಸನವೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಹಲ್ಮಿಡಿ ಶಾಸನ ಇದೇ ಬೇಲೂರು ತಾಲ್ಲೂಕಿನದು. 1936ರಲ್ಲಿ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಅದರಲ್ಲಿ ಏನಿದೆ? ಯಾವ ಹಳ್ಳಿ ಯಾರಿಗೆ ದತ್ತಿ, ಅದನ್ನು ಕಸಿದವರಿಗೆ ಎಂಥ ಪಾಪ, ಇಷ್ಟೆ. ಕನ್ನಡ ಕಲ್ಲಿನ ಮೇಲೆ ಬಾಯಿಬಿಟ್ಟದ್ದೇ ಜಾಗ ಯಾರದು ಎಂದು ಹೇಳಲಿಕ್ಕೆ. ಆ ಪರಂಪರೆಯ ಇತ್ತೀಚಿನ ಶಾಸನವೊಂದನ್ನು ನಾನು ಅರಸೀಕೆರೆಯಲ್ಲಿ ಪತ್ತೆಹಚ್ಚಿದೆ. ವಸ್ತು: ಮಿಕ್ಸಿ ಬಂದ ರಟ್ಟಿನ ಡಬ್ಬದ ಒಂದು ಮಗ್ಗುಲು. ಲಿಪಿ: ಕನ್ನಡ. ಭಾಷೆ: ‘ಟು ಲೆಟ್’. ಕಾಲ: ಅಡ್ಮಿಷನ್ ಮಾಸ. ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ ಮಳೆಯಿಂದಾಗಿ ತ್ರುಟಿತ. ಕೆಳಗೆ ಶಾಪಾಶಯ: ‘ಸಸ್ಯಾಹಾರಿಗಳಿಗೆ ಮಾತ್ರ. ಫ್ಯಾಮಿಲಿಗೆ ಮಾತ್ರ.’

ಹಳೆಯ ಶಾಸನಗಳಲ್ಲಿ ದಾನ ಮೊದಲು, ಶಾಪ ಆಮೇಲೆ. ದಾನ ಕೆಡಿಸಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ. ಹೊಸ ಶಾಸನದಲ್ಲಿ ಶಾಪವಷ್ಟೇ ಉಳಿದು ದಾನ ಬಿಟ್ಟುಹೋಗಿದೆ.

ವಾಸ್ತು ವರ್ಗೀಕರಣ

ವಿದ್ಯಾರ್ಥಿ ಕೋಣೆಗಳನ್ನು ಹೊಯ್ಸಳ ಮಾದರಿಯಲ್ಲಿ ವಿಂಗಡಿಸಬಹುದು. ಏಕಕೂಟ: ಒಂದೇ ಕೋಣೆ, ಅದರಲ್ಲೇ ಒಲೆ, ಚಾಪೆ, ಪುಸ್ತಕ, ಒಣಗದ ಟವೆಲ್ಲು. ದ್ವಿಕೂಟ: ಅದೇ ಕೋಣೆ, ನಡುವೆ ಹಳೆಯ ಸೀರೆ ಕಟ್ಟಿದ್ದು, ಬಾಡಿಗೆ ಐನೂರು ಜಾಸ್ತಿ, ಯಾಕೆಂದರೆ ‘ಅಡುಗೆಮನೆ ಸೆಪರೇಟು’. ತ್ರಿಕೂಟ: ಅದೇ ಕೋಣೆ, ಮೂವರು ಹುಡುಗರು. ಕೋಣೆ ಮಹಡಿಯ ಮೇಲಿದ್ದು ಶೀಟು ಹೊದಿಸಿದ್ದರೆ ಅದು ವಿಮಾನ. ಏಪ್ರಿಲ್‌ನಲ್ಲಿ ಒಳಗಿದ್ದವರು ಸಶರೀರವಾಗಿ ಸ್ವರ್ಗಕ್ಕೆ ಹೋಗುವುದರಿಂದ ಆ ಹೆಸರು. ಸಂಪಿನ ಮುಚ್ಚಳದ ಪಕ್ಕದಲ್ಲಿದ್ದರೆ ಪುಷ್ಕರಿಣೀ ಸಹಿತ. ಚತುಷ್ಕೂಟ, ಪಂಚಕೂಟಗಳನ್ನೂ ಬರೆಯಬೇಕಿತ್ತು. ಬೇಡ. ನೋಡಿದವನಿಗೆ ಗೊತ್ತು, ಎಲ್ಲ ಅದೇ ಕೋಣೆ.

ಭಿತ್ತಿಯ ಪಟ್ಟಿಕೆಗಳ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಹಳೇಬೀಡಿನ ಗೋಡೆಯಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ, ಪುರಾಣ, ಮಕರ, ಹಂಸ ಎಂದು ಸಾಲುಗಳು ಏರುತ್ತವೆ. ನಾವು ನೋಡಿದ ಕೋಣೆಯಲ್ಲಿ ಬುಡದಿಂದ ಒಂದು ಮೊಳ ಮಣ್ಣಿನ ತೇವ. ಅದರ ಮೇಲೆ ತಲೆಯೆಣ್ಣೆಯ ಕಲೆಗಳ ಸಾಲು, ಹಿಂದಿದ್ದವರು ಒರಗಿ ಓದಿದ ಗುರುತು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಹಾಲಿನ ಲೆಕ್ಕ. ಅದರ ಮೇಲೆ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಬರೆದುಕೊಂಡ ಜಿಲ್ಲೆಗಳ ಪಟ್ಟಿ. ಮೂವತ್ತರ ಹತ್ತಿರ ನಿಂತುಹೋಗಿತ್ತು. ಮೇಲೆ ಕ್ಯಾಲೆಂಡರಿನ ಮೊಳೆ, ಹಲ್ಲಿ. ಆ ಪಟ್ಟಿ ಮುಗಿಸದೆ ಬಿಟ್ಟವನಿಗೆ ಕೆಲಸ ಸಿಕ್ಕಿತೋ, ಮನೆ ಬಿಡಿಸಿದರೋ ಎಂದು ಪುಟ್ಟಿ ಬಹಳ ಹೊತ್ತು ನೋಡುತ್ತಾ ನಿಂತಳು.

ಅರ್ಥಶಾಸ್ತ್ರೀಯ ಆಯಾಮ

ಕಾಲಗಣನೆಯಲ್ಲಿ ಇಲ್ಲಿ ಎರಡು ಪಂಥ. ಮನೆ ಅಗ್ರಿಮೆಂಟಿಗೆ ವರ್ಷವೆಂದರೆ ಹನ್ನೊಂದು ತಿಂಗಳು, ಹನ್ನೆರಡು ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದಲ್ಲ. ಸರ್ಕಾರಕ್ಕೆ ವರ್ಷವೆಂದರೆ ಹತ್ತು ತಿಂಗಳು: ಹಾಸ್ಟೆಲ್ ಸಿಗದವರಿಗೆಂದು 2013-14ರಲ್ಲಿ ತಂದ ವಿದ್ಯಾಸಿರಿ ಯೋಜನೆಯಲ್ಲಿ ಊಟಕ್ಕೂ ವಸತಿಗೂ ಸೇರಿ ಆಗ ತಿಂಗಳಿಗೆ 1,500 ರೂಪಾಯಿ ಇತ್ತು, ಹತ್ತು ತಿಂಗಳು. ಉಳಿದೆರಡು ತಿಂಗಳು ವಿದ್ಯಾರ್ಥಿಗೆ ಹೊಟ್ಟೆ ಇರುವುದಿಲ್ಲ, ಸಾಮಾನು ತಾನಾಗಿ ಗಾಳಿಯಲ್ಲಿ ತೇಲುತ್ತದೆ. ಓನರಿಗೆ ಮಾತ್ರ ವರ್ಷದಲ್ಲಿ ಹನ್ನೆರಡು ಬಾಡಿಗೆ. ಅಡ್ವಾನ್ಸ್ ಬೇರೆ, ಅದು ವಾಪಸು ಬರುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳಿನದು ಹಿಡಿಯುತ್ತಾರೆ. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದೆಂದಿದೆ. ಇದನ್ನು ಒಬ್ಬ ಓನರಿಗೆ ವಿನಯದಿಂದ ಹೇಳಿದೆ. ‘ಅಲ್ಲೇ ಹೋಗಿ ಇರಿ ಹಂಗಾದ್ರೆ’ ಎಂದರು.

ಅರಸೀಕೆರೆಯಲ್ಲಿ ನಿಶ್ಚಿಂತೆಯಾಗಿ ಬಾಡಿಗೆಯಿಲ್ಲದೆ ವಾಸವಿರುವ ಒಂದು ವರ್ಗ ಉಂಟು. ತೆಂಗಿನಕಾಯಿ. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ಅಟ್ಟದ ಮೇಲೆ ಸಿಪ್ಪೆ ಸಮೇತ ಹತ್ತು ಹನ್ನೆರಡು ತಿಂಗಳು ಅಲ್ಲಾಡದೆ ಕೂತಿರಬೇಕು, ನೀರೆಲ್ಲ ಹೀರಿಕೊಂಡು ಒಳಗೇ ಗಡುಸಾಗಬೇಕು. ಕೆಳಗೆ ಸಣ್ಣಗೆ ಹೊಗೆ ಹಾಕಿ ಬೆಚ್ಚಗಿಡುವವರೂ ಇದ್ದಾರೆ. ಯಾವ ತೋಟದ್ದು, ಯಾರ ಪೈಕಿ ಎಂದು ಕಾಯಿಯನ್ನು ಯಾರೂ ಕೇಳುವುದಿಲ್ಲ.

ಸುರಕ್ಷತಾ ಮೀಮಾಂಸೆ ಎಂದು ಮುಂದಿನ ಅಧ್ಯಾಯಕ್ಕೆ ಹೆಸರಿಟ್ಟುಕೊಂಡಿದ್ದೆ. ‘ನಮ್ಮಲ್ಲಿ ಹೆಣ್ಮಕ್ಕಳಿಗೆ ಫುಲ್ ಸೇಫ್ಟಿ, ಎಂಟು ಗಂಟೆಗೆ ಗೇಟಿಗೆ ಬೀಗ’ ಎಂದ ಮನೆಯಲ್ಲಿ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಬಚ್ಚಲು ಹಿತ್ತಿಲಲ್ಲಿ, ಬಾಗಿಲ ಬದಲು ತಗಡು, ದಾರಿಗೆ ಬಲ್ಬಿಲ್ಲ. ಹೊರಗಿನ ಬೀಗದ ಕೈ ಅವರ ಹತ್ತಿರ, ಒಳಗಿನ ಚಿಲಕ ಯಾರ ಹತ್ತಿರವೂ ಇಲ್ಲ. ಇದಕ್ಕೆ ಪಾರಿಭಾಷಿಕ ಪದ ಹುಡುಕಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಮುಖ್ಯ ಶಾಸನಕ್ಕೆ ಬರುತ್ತೇನೆ. ಅದನ್ನು ಎಲ್ಲೂ ಬರೆದಿರುವುದಿಲ್ಲ. ಅಂದು ಏಳು ಮನೆಯ ಗೇಟಿನಲ್ಲಿ ನಿಂತೆವು. ಐದು ಕಡೆ ಅದೇ ಕ್ರಮ. ಊರು ಯಾವುದು? ಹಳೇಬೀಡಿನ ಹತ್ತಿರ. ಓ, ದೇವಸ್ಥಾನದ ಊರು, ಒಳ್ಳೇದು. ಏನು ಓದ್ತೀಯಮ್ಮ? ಬಿಎಸ್ಸಿ. ಭೇಷ್. ತಂದೆ ಏನು ಮಾಡ್ತಾರೆ? ಜಮೀನು, ಕೂಲಿ. ಬೀಗದ ಕೈ ಆಗಲೇ ಸೊಂಟದಿಂದ ಕೈಗೆ ಬಂದಿರುತ್ತದೆ. ಆಮೇಲೆ ದನಿ ತಗ್ಗಿಸಿ, ನಗುತ್ತಲೇ, ‘ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?’

ನಾನು ಹೇಳಿದೆ. ಬೀಗದ ಕೈ ಮತ್ತೆ ಸೊಂಟಕ್ಕೆ ಹೋಯಿತು. ‘ನಮ್ದೇನಿಲ್ಲ ಸಾರ್, ಮನೇಲಿ ಅತ್ತೆ ಹಳೇ ಕಾಲದೋರು.’ ಇನ್ನೊಂದು ಮನೆಯಲ್ಲಿ ಆ ಅತ್ತೆಯೇ ಬಂದರು. ಅವರಿಗೆ ಅಕ್ಕಪಕ್ಕದವರ ಭಯವಂತೆ. ಮತ್ತೊಂದರಲ್ಲಿ ಈಗಷ್ಟೇ ಯಾರೋ ಅಡ್ವಾನ್ಸ್ ಕೊಟ್ಟುಹೋಗಿದ್ದರು. ರಟ್ಟಿನ ಬೋರ್ಡು ನಾವು ತಿರುಗಿ ಬರುವಾಗಲೂ ಅಲ್ಲೇ ನೇತಾಡುತ್ತಿತ್ತು. ಪುಟ್ಟಿಯ ಗೆಳತಿಯೊಬ್ಬಳಿಗೆ ಇಷ್ಟೂ ಪ್ರಶ್ನೆ ಬೇಕಾಗಲಿಲ್ಲವಂತೆ. ಹೆಸರು ಹೇಳಿದ್ದೇ ಸಾಕಾಯಿತಂತೆ.

ಪೂರ್ವಾಧ್ಯಯನದಲ್ಲಿ ಒಬ್ಬರನ್ನು ಬೇಕೆಂದೇ ಬಿಟ್ಟಿದ್ದೆ. 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರರಿಗೆ ಬರೋಡದಲ್ಲಿ ನೌಕರಿ ಇತ್ತು, ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಬೇರೆ ಹೆಸರು ಬರೆಸಿ ಇದ್ದರು. ಗೊತ್ತಾದ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಗೆಳೆಯರ ಮನೆಯ ಬಾಗಿಲೂ ತೆರೆಯಲಿಲ್ಲ. ಸಾರ್ವಜನಿಕ ತೋಟದಲ್ಲಿ ಕೂತಿದ್ದು, ರೈಲು ಹತ್ತಿ ಮುಂಬಯಿಗೆ ಹೋದರು. ಅವರ ಫೋಟೋ ಇಟ್ಟು ಹೂವು ಹಾಕಿಯೇ ನಮ್ಮ ಸಂಕಿರಣ ಉದ್ಘಾಟನೆಯಾದದ್ದು. ಯಾರೂ ಅವರ ಬಾಡಿಗೆ ಮನೆಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಪ್ರಮಾಣಪತ್ರ ಸಂಜೆ ಕೊಡುವವರಿದ್ದರು.

ಏಳು ಮನೆ ಸುತ್ತಿದ ಆ ದಿನ ಮಧ್ಯಾಹ್ನ ಅರಸೀಕೆರೆಯ ಶಿವಾಲಯಕ್ಕೆ ಹೋದೆವು. 1220ರ ಸುಮಾರಿನದು, ಮುಂದೆ ಹದಿನಾರು ಮೂಲೆಯ ನಕ್ಷತ್ರದಂಥ ತೆರೆದ ಮಂಟಪ. ಸುತ್ತಲೂ ಕೂರಲು ಕಲ್ಲಿನ ಕಟ್ಟೆ. ಅಕ್ಕ ಕಟ್ಟಿಕೊಟ್ಟಿದ್ದ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿಯನ್ನು ಅಲ್ಲೇ ಹೊರಗಿನ ಮರದಡಿ ಬಿಚ್ಚಿ ಉಂಡು, ಮಂಟಪದಲ್ಲಿ ಒರಗಿಕೊಂಡೆವು. ತಂಪಾಗಿತ್ತು.

‘ಮಾವ, ಇದ್ರಲ್ಲಿ ಎಷ್ಟು ಜನ ಮಲಗಬೌದು?’ ಎಂದಳು ಪುಟ್ಟಿ.

ಸಂಕಿರಣದ ಚಟಕ್ಕೆ ಬಿದ್ದು ನವರಂಗ, ಭುವನೇಶ್ವರಿ ಎಂದು ಶುರುಮಾಡಿದ್ದೆ. ‘ಹೋಗ್ಲಿ ಬಿಡಿ’ ಎಂದು ಕಂಬಕ್ಕೆ ತಲೆ ಇಟ್ಟು ಕಣ್ಣು ಮುಚ್ಚಿದಳು.

ಹಾಸ್ಟೆಲ್ ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಕಾಯುತ್ತಿದೆ. ಕ್ಲಾಸು ಶುರುವಾಗಿ ಎರಡು ತಿಂಗಳಾಯಿತು. ರೂಮು ಸಿಕ್ಕಿಲ್ಲ, ಈಗ ಹುಡುಕುತ್ತಲೂ ಇಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲವಲ್ಲ, ಹಳೇಬೀಡಿನಿಂದ ಜಾವಗಲ್, ಬಾಣಾವರ ದಾಟಿ ದಿನಾ ಹೋಗಿಬರುತ್ತಾಳೆ. ಕತ್ತಲಲ್ಲಿ ಹೊರಟರೆ ಕತ್ತಲಲ್ಲಿ ಮನೆ. ಸೀಟು ಸಿಕ್ಕರೆ ಓದು, ಸಿಗದಿದ್ದರೆ ಕಂಬಿ ಹಿಡಿದು ನಿದ್ದೆ. ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನು ರಸಾಯನಶಾಸ್ತ್ರದ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಂಡಿದ್ದಾಳೆ. ಅವುಗಳಲ್ಲೊಂದನ್ನು ತೆಗೆದು ಶಾಸ್ತ್ರೋಕ್ತವಾಗಿ ಪರಿಶೀಲಿಸಿದೆ. ವಸ್ತು: ತೆಳು ಕಾಗದ, ಮಸಿ ಮಾಸುತ್ತಿದೆ. ತಿಥಿ ಇದೆ, ವೇಳೆ ಇದೆ, ಎಲ್ಲಿಂದ ಎಲ್ಲಿಗೆ ಎಂದಿದೆ. ದಾನ ಇದೆ. ಶಾಪ ಇಲ್ಲ. ಪೈಕಿಯ ಕಾಲಂ ಇಲ್ಲ.

ಒಂದು ದಿನ ಅವಳನ್ನು ಹತ್ತಿಸಲು ಹೋಗಿದ್ದೆ. ಬಸ್ಸು ಆಗಲೇ ತುಂಬಿ, ಫುಟ್‌ಬೋರ್ಡಿನ ಮೇಲೂ ಜನ. ಕಂಡಕ್ಟರ್ ವಿಸಿಲ್ ಊದುತ್ತಾ ಬಾಗಿಲಲ್ಲಿ ನಿಂತವರ ಬೆನ್ನ ಮೇಲೆ ತಟ್ಟಿ ಕೂಗುತ್ತಿದ್ದರು, ‘ಒಳಗೆ ನಡೀರಮ್ಮ, ಒಳಗೆ ನಡೀರಿ, ಒಳಗೆ ಬೇಕಾದಷ್ಟು ಜಾಗ ಐತೆ.’