ಟೂ ಪರ್ಸೆಂಟ್ ವಂಶಾವಳಿ

ಬೂದಿಗೆರೆಯ ಸೈಟ್ ಬ್ರೋಕರನನ್ನು ಯಾರೂ ಕರೆಸಿಕೊಂಡದ್ದಲ್ಲ. ಗರಿಗರಿ ಬಿಳಿ ಶರ್ಟು, ಕಂಕುಳಲ್ಲಿ ಪಹಣಿಯ ಜೆರಾಕ್ಸು, ಬಾಯಲ್ಲಿ ‘ಪಾರ್ಟಿ ರೆಡಿ ಐತೆ, ಟೋಕನ್ ಅಡ್ವಾನ್ಸ್ ಹಾಕ್ಬಿಡಿ’. 2008ರಲ್ಲಿ ದೇವನಹಳ್ಳಿಗೆ ವಿಮಾನ ಬಂದಿಳಿದ ಮೇಲಂತೂ ಇವನ ಸಂತತಿ ರಾಗಿ ಹೊಲದ ಬದುಬದುವಿನಲ್ಲೂ ಮೊಳೆಯಿತು. ಇಷ್ಟು ಮಂದಿ ಇದ್ದಾರೆಂದರೆ ಊರಿಗೆ ಏನೋ ಉಪಯೋಗ ಇರಲೇಬೇಕು ಎನ್ನುವುದು ಸಜ್ಜನರ ತರ್ಕ. ಡಿಎನ್‌ಎ ವಿಷಯದಲ್ಲಿ ವಿಜ್ಞಾನಿಗಳೂ ಬಹುಕಾಲ ಇಂಥ ಸಜ್ಜನರೇ ಆಗಿದ್ದರು. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದವರು 2017ರಲ್ಲಿ ರಾಗಿಯ ಜೀನೋಮ್ ಬಿಡಿಸಿ ನೋಡಿದರೆ, ಸುಮಾರು ಅರ್ಧ ಭಾಗ ಮತ್ತೆಮತ್ತೆ ಬಂದದ್ದೇ ಬಂದಿತ್ತು. ಗಿಡಗಳಲ್ಲಿ ಇಂಥ ಪುನರಾವರ್ತನೆಯ ಬಹುಪಾಲು ಟ್ರಾನ್ಸ್‌ಪೋಸಾನುಗಳದು: ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿದು ತಮ್ಮ ನಕಲನ್ನು ತಾವೇ ನೆಟ್ಟುಕೊಳ್ಳುವ ತುಣುಕುಗಳು. ಇವು ಯಾಕಿವೆ ಎಂಬ ಪ್ರಶ್ನೆಗೆ 1980ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದು ಡೂಲಿಟಲ್ ಮತ್ತು ಸಪಿಯೆಂಜಾ ಅವರದು, ಇನ್ನೊಂದು ಆರ್ಗೆಲ್ ಮತ್ತು ಕ್ರಿಕ್ ಅವರದು. ಎರಡರದೂ ಒಂದೇ ಉತ್ತರ: ನಕಲಾಗಲು ಬರುತ್ತದೆ, ಅದಕ್ಕೇ ಇವೆ. ಬ್ರೋಕರನ ಬಗ್ಗೆ ಇದಕ್ಕಿಂತ ನ್ಯಾಯವಾದ ಮಾತು ಇನ್ನೂ ಯಾರೂ ಆಡಿಲ್ಲ.

ಹಾನಿ ಮಾಡುವವನನ್ನು ಊರು ಓಡಿಸುವುದಿಲ್ಲವೇ ಎಂದು ಕೇಳಬಹುದು. ಓಡಿಸುತ್ತದೆ, ಆದರೆ ಅಷ್ಟರಲ್ಲಿ ಅವನ ತಮ್ಮ, ಭಾವಮೈದ, ಷಡ್ಡಕ ಎಲ್ಲರೂ ಕಾರ್ಡು ಹೊಡೆಸಿರುತ್ತಾರೆ. ಟ್ರಾನ್ಸ್‌ಪೋಸಾನಿನ ಕತೆಯೂ ಇದೇ: ತಂದೆಯಲ್ಲಿರುವ ಒಂದೇ ಪ್ರತಿ ಸಾಮಾನ್ಯವಾಗಿ ಅರ್ಧದಷ್ಟು ಮಕ್ಕಳಿಗೆ ದಕ್ಕುತ್ತದೆ. ಜಿಗಿದು ಹಲವು ಪ್ರತಿಗಳಾದದ್ದು ಹೆಚ್ಚೂಕಡಿಮೆ ಎಲ್ಲರಿಗೂ ಅಂಟುತ್ತದೆ. ಹಣ್ಣುನೊಣದ ಹಳೆಯ ಪ್ರಯೋಗಾಲಯ ತಳಿಗಳಲ್ಲಿ ಇಲ್ಲದ ‘ಪಿ’ ತುಣುಕು ಇಪ್ಪತ್ತನೇ ಶತಮಾನದ ಕೆಲವೇ ದಶಕಗಳಲ್ಲಿ ಲೋಕದ ಕಾಡುನೊಣಗಳನ್ನೆಲ್ಲ ಹೊಕ್ಕಿತು. ‘ಪಿ’ ಇರುವ ಗಂಡು, ಇಲ್ಲದ ಹೆಣ್ಣನ್ನು ಕೂಡಿದರೆ ಮರಿಗಳು ಬಂಜೆಯಾಗುವಷ್ಟು ಕೇಡಿದ್ದೂ ಹರಡಿತು! ಈ ತುಣುಕುಗಳೊಳಗಿನ ಜಗಳವೂ ಅಷ್ಟೇ ರುಚಿಕರ. ನಮ್ಮೆಲ್ಲರ ಜೀವಕೋಶದಲ್ಲಿರುವ ‘ಆಲು’ ಎಂಬುದಕ್ಕೆ ಸ್ವಂತ ನಕಲು ಯಂತ್ರವಿಲ್ಲ. ‘ಎಲ್‌ಒನ್’ ಎಂಬ ದೊಡ್ಡ ಬ್ರೋಕರನ ಯಂತ್ರವನ್ನೇ ಕದ್ದು ಬಳಸಿ ಹತ್ತು ಲಕ್ಷಕ್ಕೂ ಮೀರಿ ಪ್ರತಿಗಳಾಗಿದೆ. ಅಣ್ಣನ ಪಾರ್ಟಿಯನ್ನು ಕ್ರಾಸಿನಲ್ಲೇ ತಡೆದು ತನ್ನ ಸೈಟು ತೋರಿಸುವ ಸಬ್‌ಬ್ರೋಕರನನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿದೆ? ಮೆಕ್ಕೆಜೋಳದಲ್ಲಂತೂ ಒಂದರ ಎದೆಯ ಮೇಲೇ ಇನ್ನೊಂದು ಬಂದು ಕೂತು, ಕೆಳಗಿನದನ್ನು ಮುರಿದುಹಾಕಿದ ಸಾಲುಗಳೇ ಇವೆ.

‘ಆದರೂ ರಸ್ತೆ ಬಂತಲ್ಲ ಸಾರ್’ ಎಂಬ ಬ್ರೋಕರನ ವಾದ ಗಟ್ಟಿಯಾದದ್ದೇ. ಡಿಎನ್‌ಎಯಲ್ಲೂ ಅದಕ್ಕೆ ಸಾಕ್ಷಿಯಿದೆ. ನಮ್ಮ ರೋಗನಿರೋಧಕ ಶಕ್ತಿಯ ಒಂದು ಮುಖ್ಯ ಉಪಕರಣ ಪುರಾತನ ಟ್ರಾನ್ಸ್‌ಪೋಸಾನಿನಿಂದ ಬಂದದ್ದು. ದ್ರಾಕ್ಷಿಯ ಬಣ್ಣಕ್ಕೆ ಬೇಕಾದ ಒಂದು ಜೀನಿನ ಮುಂದೆ ಇಂಥದೊಂದು ಬಂದು ಕೂತು ಅದರ ಬಾಯಿ ಮುಚ್ಚಿಸಿದ್ದರಿಂದಲೇ ಬಿಳಿ ದ್ರಾಕ್ಷಿ ಹುಟ್ಟಿತೆಂದು ಜಪಾನಿನ ಸಂಶೋಧಕರು 2004ರಲ್ಲಿ ತೋರಿಸಿದರು. ದೇವನಹಳ್ಳಿ ಸೀಮೆಯ ತೋಟದವರು ಅದಕ್ಕೆ ಕೃತಜ್ಞರಾಗಿರಲಿ, ಬೇಡವೆನ್ನುವುದಿಲ್ಲ. ಆದರೆ ಆ ತುಣುಕು ಜಿಗಿದದ್ದು ಯಾರಿಗೋ ಬಿಳಿ ಹಣ್ಣು ತಿನ್ನಿಸಲು ಅಲ್ಲ. ಖಾಲಿ ಜಾಗ ಕಂಡಿತು, ಕೂತಿತು. ಉಪಯೋಗ ಆಮೇಲೆ ಬಂದದ್ದು. ಅದಕ್ಕೂ ಕಮಿಷನ್ ಕೇಳುವ ಧೈರ್ಯ ಬೂದಿಗೆರೆಯವನಿಗೆ ಮಾತ್ರ ಇದೆ.