ಅರ್ಧ ಚಮಚದ ವಿಚಾರ

ರಾಯರೇ, ನಾಳೆಯಿಂದ ಅನ್ನ ಮುಟ್ಟೋದಿಲ್ಲ ಅಂತ ನೀವು ಮನೆಯಲ್ಲಿ ಘೋಷಣೆ ಮಾಡಿದ್ದು ನಮ್ಮ ಹಿತ್ತಿಲವರೆಗೂ ಕೇಳಿಸ್ತು. ಯುಗಾದಿಗೆ ಸಕ್ಕರೆ ಬಿಟ್ಟೆ ಅಂದಿದ್ರಿ. ಅವತ್ತೇ ಮಧ್ಯಾಹ್ನ ಹೋಳಿಗೆ ಬಂದಾಗ, ಬೆಲ್ಲ ಬೇರೆ ಸಕ್ಕರೆ ಬೇರೆ ಅಂತ ತೀರ್ಪನ್ನೂ ಕೊಟ್ರಿ. ಪಥ್ಯ ಅನ್ನೋದು ಹಪ್ಪಳದ ಹಾಗೆ ಸ್ವಾಮಿ, ದೊಡ್ಡದಾದಷ್ಟೂ ಬೇಗ ಮುರಿಯುತ್ತೆ.

ಅನ್ನ ಬಿಡೋ ಮಾತು ಹಾಗಿರಲಿ, ನಿಮ್ಮ ಕಾಫಿ ಲೆಕ್ಕ ಹೇಳಿ. ಲೋಟಕ್ಕೆ ಎರಡು ಚಮಚ, ದಿನಕ್ಕೆ ಮೂರು ಲೋಟ. ಸಮ ಮಾಡಿದ ಚಮಚಕ್ಕೆ 4 ಗ್ರಾಂ ಹಿಡಿದರೂ 24 ಗ್ರಾಂ ಆಯ್ತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಪಾಲು ಲೋಟದಲ್ಲೇ ಮುಗೀತು; ಬಿಸ್ಕತ್ತು, ಮೈಸೂರುಪಾಕು ಎಲ್ಲಾ ಸಾಲದ ಖಾತೆ. ಹಾಗಂತ ಕಾಫಿ ಬಿಡಬೇಡಿ, ಬಿಟ್ಟರೆ ನಿಮ್ಮ ಸಿಡಿಮಿಡಿ ನಾವೂ ಕೇಳಬೇಕು. ಲೋಟಕ್ಕೆ ಅರ್ಧ ಚಮಚ ಕಡಿಮೆ ಮಾಡಿಸಿ, ಸಾಕು. ನಾಲಿಗೆ ಕೆಲವು ದಿನ ಗೊಣಗುತ್ತೆ, ಆಮೇಲೆ ಒಗ್ಗಿಕೊಳ್ಳುತ್ತೆ. ವರ್ಷಕ್ಕೆ ಎರಡು ಕೆಜಿ ಮೇಲೆ ಸಕ್ಕರೆ ಉಳಿಯುತ್ತೆ, ದಿನಸಿ ಚೀಟಿಯಲ್ಲೂ ಕಾಣುವಷ್ಟು.

ಉಪ್ಪಿಂದೂ ಅದೇ ಕಥೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಅಂತಾರೆ, ಅಂದರೆ ಒಂದು ಟೀ ಚಮಚ. ಸಾರು, ಪಲ್ಯ, ಸಂಡಿಗೆ, ಮಜ್ಜಿಗೆ ಎಲ್ಲಾ ಅದರೊಳಗೇ. ಉಪ್ಪಿನಕಾಯಿ ಜಾಡಿ ಊಟದ ಮೇಜಿನ ಮೇಲಿದ್ದರೆ ಕೈ ತಾನಾಗೇ ಹೋಗುತ್ತೆ. ಅಟ್ಟದ ಮೇಲಿಡಿ. ಎದ್ದು ಹೋಗಿ ತರಬೇಕು ಅಂದಾಗ ಅರ್ಧ ಆಸೆ ಸೋಮಾರಿತನಕ್ಕೇ ಸಾಯುತ್ತೆ. ಮನೋಬಲಕ್ಕಿಂತ ನಮ್ಮ ಸೋಮಾರಿತನದ ಮೇಲೆ ನನಗೆ ನಂಬಿಕೆ ಹೆಚ್ಚು.

ಸಿರಿಧಾನ್ಯ ತರಿಸ್ತೀನಿ ಅಂದ್ರಾ? ತರಿಸಿ, ಸಂತೋಷ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದಮೇಲೆ ಅವಕ್ಕೆ ಬಣ್ಣದ ಪೊಟ್ಟಣವೂ ಬಂತು, ಬೆಲೆಯೂ ಬಂತು. ಆದರೆ ರಾಗಿ ನಿಮ್ಮ ಡಬ್ಬಿಯಲ್ಲೇ ಇದೆಯಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ದಿನದಲ್ಲಿ ಒಂದು ಹೊತ್ತಿಗೆ ಮುದ್ದೆ ಇರಲಿ, ಇನ್ನೊಂದು ಹೊತ್ತಿಗೆ ಅನ್ನ ಇರಲಿ, ಜಗಳವೇ ಇಲ್ಲ. ಮಾಲ್ಟ್ ಮಾಡಿ ನಾಲ್ಕು ಚಮಚ ಬೆಲ್ಲ ಸುರಿದರೆ ಮಾತ್ರ ರಾಗಿ ಏನೂ ಮಾಡಲಾರದು.

ಅಸಲಿಗೆ ಕೊರತೆ ಇರೋದು ಸೊಪ್ಪು, ತರಕಾರಿಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ತೋರಿಸುವ ತಟ್ಟೆಯಲ್ಲಿ ಹೆಚ್ಚುಕಡಿಮೆ ಅರ್ಧ ತರಕಾರಿ, ಹಣ್ಣು. ನಮ್ಮ ತಟ್ಟೆಯಲ್ಲಿ ಪಲ್ಯ ಮೂಲೆಗೆ, ಅದೂ ಶಾಸ್ತ್ರಕ್ಕೆ. ಅನ್ನ ಬಡಿಸೋ ಮೊದಲೇ ಎರಡು ಸೌಟು ಪಲ್ಯ ಹಾಕಿಸಿಕೊಳ್ಳಿ, ಅನ್ನ ತಾನಾಗೇ ಕಡಿಮೆಯಾಗುತ್ತೆ. ಬಸ್ಸಾರು ಮಾಡಿದರಂತೂ ಒಂದೇ ಪಾತ್ರೆಯಲ್ಲಿ ಎರಡು ಕೆಲಸ: ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಬೇಯಿಸಿದ ನೀರೂ ಚೆಲ್ಲಿಹೋಗೋದಿಲ್ಲ.

ಇಷ್ಟೆಲ್ಲಾ ಮಾತು ನಿಲ್ಲೋದು ಒಂದು ಕಡೆ ರಾಯರೇ. ಆರೋಗ್ಯ ನಿಮಗೆ, ಸೊಪ್ಪು ಬಿಡಿಸೋ ಕೆಲಸ ಅಮ್ಮಾವ್ರಿಗೆ ಅಂತಾದರೆ ಆ ಅಭ್ಯಾಸ ವಾರವೂ ಬಾಳೋದಿಲ್ಲ. ದಂಟಿನ ಸೊಪ್ಪು ಎರಡು ಕಟ್ಟು ತನ್ನಿ, ಪೇಪರ್ ಓದ್ತಾ ನೀವೇ ಕೂತು ಬಿಡಿಸಿ.